ಬಾಡಿಗೆ ಮನೆಯಲ್ಲಿ ಕಿರು ರೈಲು

ಹವ್ಯಾಸಗಳನ್ನು ಅವು ಬೇಡುವ ಜಾಗದ ಮೇಲಿಂದ ವಿಂಗಡಿಸಬಹುದೆಂದು ನನಗೆ ತೋರುತ್ತದೆ. ಅಂಚೆಚೀಟಿ ಕೂಡಿಸುವವನಿಗೆ ಒಂದು ಪುಸ್ತಕ ಇಡುವಷ್ಟು ಜಾಗ ಸಾಕು. ಹಾಡುವವನಿಗೆ ಅದೂ ಬೇಡ. ನೆರೆಯವರ ಸೈರಣೆ ಇದ್ದರೆ ಆಯಿತು. ತೋಟಗಾರಿಕೆಗೆ ಹಿತ್ತಿಲು ಬೇಕು. ಹಿತ್ತಿಲಿಲ್ಲದವರು ಒಡೆದ ಕೊಡದಲ್ಲಿ ದೊಡ್ಡಪತ್ರೆ ಬೆಳೆದು ತೃಪ್ತಿಪಡುವರು. ಆದರೆ ಒಂದು ಹವ್ಯಾಸವುಂಟು. ಅದಕ್ಕೆ ಜಾಗವೂ ಬೇಕು, ಆ ಜಾಗ ವರ್ಷಗಟ್ಟಲೆ ಕದಲದೆ ಅಲ್ಲಿಯೇ ಇರಲೂ ಬೇಕು. ಅದೇ ಕಿರು ರೈಲಿನ ಹವ್ಯಾಸ. ನಿಜವಾದ ರೈಲಿನ ಎಂಜಿನು, ಡಬ್ಬಿ, ಹಳಿ, ನಿಲ್ದಾಣ, ಸೇತುವೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಹಲಗೆಯ ಮೇಲೆ ಒಂದು ಸೀಮೆಯನ್ನೇ ಕಟ್ಟಿ, ಅದರಲ್ಲಿ ಗಾಡಿ ಓಡಿಸುವುದು ಇದರ ಸ್ವರೂಪ. ಇದು ಮಕ್ಕಳ ಆಟಿಕೆಯಲ್ಲವೆ ಎಂದು ಕೇಳುವವರುಂಟು. ಆಟಿಕೆಯ ರೈಲಿನಲ್ಲಿ ಎಂಜಿನಿಗಿಂತ ಚಾಲಕ ದೊಡ್ಡವನಾಗಿದ್ದರೂ ನಡೆದೀತು, ಇಲ್ಲಿ ನಡೆಯದು. ಅಷ್ಟೇ ವ್ಯತ್ಯಾಸ, ಆದರೆ ಆ ವ್ಯತ್ಯಾಸದಲ್ಲಿ ಗಣಿತವೂ ಇತಿಹಾಸವೂ ಬಡಗಿಯ ಕೆಲಸವೂ ಅಡಗಿವೆ.

ಇಂಥ ಹವ್ಯಾಸವನ್ನು ಬಾಡಿಗೆಯ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾವು ಇರುವುದು ಅರಸೀಕೆರೆಯಲ್ಲಿ. ನಾನು ಹುಟ್ಟಿದ ಮೇಲೆ ಇದು ನಮ್ಮ ಐದನೆಯ ಮನೆ. ತಂದೆ ತೆಂಗಿನಕಾಯಿ ಮಂಡಿಯಲ್ಲಿ ಹಮಾಲಿ. ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಮ್ಮ ಮನೆತನಕ್ಕೆ ನಾನೇ ಮೊದಲಿನವಳು. ಮನೆಯೆಂದರೆ ಹತ್ತಡಿ ಹನ್ನೆರಡಡಿಯ ಒಂದು ಕೋಣೆ, ಅದರ ಹಿಂದೆ ಅಡಿಗೆಗೆ ಒಂದು ಸಂದು. ರಾತ್ರಿ ನಾಲ್ವರೂ ಹಾಸಿಗೆ ಹಾಸಿದ ಮೇಲೆ ನೀರು ಕುಡಿಯಲು ಏಳುವವರು ಯಾರದಾದರೂ ಕಾಲು ತುಳಿಯದೆ ಹೋಗುವಂತಿಲ್ಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ದಾರಿಗಳು ಕೂಡುವ ಜಂಕ್ಷನ್ ನಮ್ಮದಾದ್ದರಿಂದ ಊರಿನವರಿಗೆ ರೈಲಿನ ಹುಚ್ಚು ಹತ್ತುವುದು ವಿಶೇಷವಲ್ಲ. ಆ ಹುಚ್ಚನ್ನು ಇಷ್ಟು ಜಾಗದಲ್ಲಿ ಇಡುವುದು ಮಾತ್ರ ವಿಶೇಷ.

ನನ್ನ ಆಸೆ ತಿಳಿದಾಗ ಸೋದರತ್ತೆ ಹೇಳಿದ ಮಾತು ಇದು: “ಸ್ವಂತ ಮನೆ ಆಗ್ಲಿ ಕಣೇ, ಆಮೇಲೆ ಏನ್ ಬೇಕಾದ್ರೂ ಕಟ್ಕೊ.” ಈ ಮಾತು ನಮ್ಮ ಮನೆಗೆ ಹೊಸದಲ್ಲ. ಅಮ್ಮನ ಹೊಲಿಗೆ ಯಂತ್ರ ಸ್ವಂತ ಮನೆಗೆ ಕಾದಿದೆ. ತಮ್ಮನ ಪುಸ್ತಕದ ಕಪಾಟು ಸ್ವಂತ ಮನೆಗೆ ಕಾದಿದೆ. ಗೋಡೆಗೆ ತೂಗಬೇಕಾದ ಅಜ್ಜನ ಪಟ ಹನ್ನೊಂದು ವರ್ಷದಿಂದ ಟ್ರಂಕಿನಲ್ಲಿ ಬಟ್ಟೆ ಸುತ್ತಿಕೊಂಡು ಕಾದಿದೆ. ಹೀಗೆ ಕಾಯುವವರ ಸಾಲಿನಲ್ಲಿ ನನ್ನ ರೈಲನ್ನೂ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಬಾಡಿಗೆದಾರರು ಈ ಹವ್ಯಾಸವನ್ನು ಹೇಗೆ ನಡೆಸಿದ್ದಾರೆಂದು ಹುಡುಕಿ ಓದತೊಡಗಿದೆ.

ಮೊದಲು ತೊಡಕುಗಳನ್ನು ನೋಡೋಣ. ಒಂದನೆಯದು ಮೊಳೆ. ಮನೆಯ ಯಜಮಾನರು ನಾವು ಬಂದ ದಿನವೇ, “ಗೋಡೆಗೆ ಮೊಳೆ ಹೊಡೀಬೇಡಿ, ಹೊಡೆದ್ರೆ ಗಾರೆ, ಬಣ್ಣದ ಖರ್ಚು ಅಡ್ವಾನ್ಸಿನಲ್ಲಿ ಹಿಡ್ಕೋತೀನಿ” ಎಂದು ಹೇಳಿದ್ದರು. ಅಂದಮೇಲೆ ಗೋಡೆಗೆ ಹಲಗೆ ಬಿಗಿಯುವ ಮಾತೇ ಇಲ್ಲ. ಎರಡನೆಯದು ಬಾಗಿಲು. ಒಳಗೆ ಕಟ್ಟಿದ ವಸ್ತು ಹೊರಗೆ ಬರಬೇಕಲ್ಲವೆ? ಮೂರನೆಯದು ಕರಾರುಪತ್ರ. ನಮ್ಮ ದೇಶದಲ್ಲಿ ಬಾಡಿಗೆಯ ಕರಾರು ಬಹುಮಟ್ಟಿಗೆ 11 ತಿಂಗಳಿನದು. ಇದಕ್ಕೆ ಕಾರಣ 1908ರ ನೋಂದಣಿ ಕಾಯಿದೆ. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಣಿ ಮಾಡಿಸಲೇಬೇಕೆಂದು ಅದರ 17ನೆಯ ಪ್ರಕರಣ ವಿಧಿಸುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುವುದು ರೂಢಿಯಾಯಿತು. ಆದುದರಿಂದ ಬಾಡಿಗೆದಾರನು ಕಟ್ಟುವುದೆಲ್ಲವೂ 11 ತಿಂಗಳಲ್ಲಿ ಒಂದು ರೂಪಕ್ಕೆ ಬರುವಂಥದೂ ಹನ್ನೆರಡನೆಯ ತಿಂಗಳು ಎತ್ತಿಕೊಂಡು ಹೋಗುವಂಥದೂ ಆಗಿರಬೇಕು.

ಈಗ ಪ್ರಮಾಣದ ವಿಚಾರಕ್ಕೆ ಬರೋಣ. ಅಳತೆ ತಿಳಿಯದೆ ಜಾಗದ ಮಾತು ಆಡುವುದು ವ್ಯರ್ಥ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಹಳಿಗಳ ಅಗಲಕ್ಕೆ ಅಂಕಿ ಕೊಟ್ಟು ಒಂದು ವ್ಯವಸ್ಥೆ ತಂದಿತು. ಒಂದನೆಯ ಗೇಜಿನಲ್ಲಿ ಹಳಿಗಳ ನಡುವೆ 45 ಮಿ.ಮೀ. ಇದು ಶ್ರೀಮಂತರ ವಿಶಾಲವಾದ ಕೋಣೆಗೂ ತೋಟಕ್ಕೂ ತಕ್ಕದ್ದು. ಅದಕ್ಕಿಂತ ಚಿಕ್ಕದು ಬೇಕಾದಾಗ ಒಂದರ ಕೆಳಗೆ ಸೊನ್ನೆ ತಾನೆ? ಹಾಗೆ ಸೊನ್ನೆಯ ಗೇಜು ಬಂದಿತು. ಅದು 32 ಮಿ.ಮೀ. ಮೊದಲನೆಯ ಮಹಾಯುದ್ಧದ ಅನಂತರ 1922ರ ಸುಮಾರಿಗೆ ಬಿಂಗ್ ಎಂಬ ಜರ್ಮನ್ ಕಂಪನಿ 16.5 ಮಿ.ಮೀ. ಅಗಲದ ಹಳಿಯ ರೈಲನ್ನು ಹೊರತಂದಿತು. ಅದಕ್ಕೆ ಇಟ್ಟ ಹೆಸರೇ ‘ಮೇಜಿನ ಮೇಲಿನ ರೈಲು’ ಎಂದು. ನೆಲದಿಂದ ಊಟದ ಮೇಜಿಗೆ ರೈಲು ಏರಿದ್ದು ಹೀಗೆ. ಊಟದ ಹೊತ್ತಿಗೆ ಅದನ್ನು ತೆಗೆದಿಡಬೇಕು ಎಂಬ ನಿಯಮವೂ ಅಂದೇ ಹುಟ್ಟಿರಬೇಕು! ಈ 16.5 ಮಿ.ಮೀ. ಹಳಿಯ ಮೇಲೆ ಬೆಳೆದದ್ದೇ ‘ಎಚ್.ಓ.’, ಅಂದರೆ ಅರ್ಧ ಸೊನ್ನೆ. ಇದರಲ್ಲಿ ವಸ್ತುವಿನ ಗಾತ್ರ ಮೂಲದ 87ರಲ್ಲಿ ಒಂದು ಪಾಲು. ಆಮೇಲೆ 1960ರ ದಶಕದ ಆರಂಭದಲ್ಲಿ ಜರ್ಮನಿಯ ಆರ್ನಾಲ್ಡ್ ಕಂಪನಿ 9 ಮಿ.ಮೀ. ಹಳಿಗೆ ಇಳಿಯಿತು. ಒಂಬತ್ತಕ್ಕೆ ಜರ್ಮನ್, ಇಂಗ್ಲಿಷ್ ಎರಡು ಭಾಷೆಗಳಲ್ಲಿಯೂ ‘ಎನ್’ ಅಕ್ಷರವೇ ಮೊದಲಾದ್ದರಿಂದ ಅದು ‘ಎನ್’ ಗೇಜು. ಪ್ರಮಾಣ 160ರಲ್ಲಿ ಒಂದು. 1972ರಲ್ಲಿ ಮೆರ್ಕ್ಲಿನ್ ಕಂಪನಿಯೇ 220ರಲ್ಲಿ ಒಂದು ಪಾಲಿನ ರೈಲನ್ನು ತಂದು, ಇನ್ನು ಇದಕ್ಕಿಂತ ಚಿಕ್ಕದು ಆಗಲಾರದೆಂಬ ಧೈರ್ಯದಿಂದಲೋ ಏನೋ, ವರ್ಣಮಾಲೆಯ ಕೊನೆಯ ಅಕ್ಷರವಾದ ‘ಝೆಡ್’ ಎಂದು ಹೆಸರಿಟ್ಟಿತು. ಎಂಬತ್ತು ವರ್ಷಗಳಲ್ಲಿ ಹಳಿ 45 ಮಿ.ಮೀ.ನಿಂದ 6.5 ಮಿ.ಮೀ.ಗೆ ಇಳಿದುದನ್ನು ನೋಡಿದರೆ, ಮನುಷ್ಯ ರೈಲನ್ನು ಬಿಡಲೊಪ್ಪದೆ ಮನೆಗೆ ತಕ್ಕಂತೆ ಅದನ್ನು ಕುಗ್ಗಿಸುತ್ತ ಬಂದನೆಂದೇ ನಾನು ತಿಳಿಯುತ್ತೇನೆ.

ಕುಗ್ಗಿಸುವುದಕ್ಕೂ ಮಿತಿಯುಂಟು. ಒಂದು ಲೆಕ್ಕ ಮಾಡಿ ನೋಡೋಣ. 2023ರ ಮಾರ್ಚಿಯಲ್ಲಿ ಲೋಕಾರ್ಪಣೆಯಾದ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರಮಿನ ಉದ್ದ 1,507 ಮೀಟರು. ಅದನ್ನು ಎಚ್.ಓ. ಪ್ರಮಾಣದಲ್ಲಿ ಕಟ್ಟಿದರೆ 17 ಮೀಟರು ಮೀರುತ್ತದೆ. ಎನ್ ಪ್ರಮಾಣದಲ್ಲಿ 9.4 ಮೀಟರು, ಝೆಡ್ ಪ್ರಮಾಣದಲ್ಲಿಯೂ 6.8 ಮೀಟರಿಗೆ ಕಡಿಮೆಯಿಲ್ಲ. ನಮ್ಮ ವಠಾರದ ಒಂದು ಮನೆಯಿಂದ ಇನ್ನೊಂದು ಮನೆಗೆ ಗೋಡೆ ಕೊರೆಯದೆ ಅದು ಹಿಡಿಯದು. ಪ್ರಮಾಣ ಎಷ್ಟೇ ಚಿಕ್ಕದಾಗಲಿ, ನಿಜದ ಜಗತ್ತು ಬಾಡಿಗೆ ಮನೆಯಲ್ಲಿ ಪೂರ್ತಿಯಾಗಿ ಹಿಡಿಸುವುದಿಲ್ಲ. ಆದ್ದರಿಂದ ಪ್ರಶ್ನೆ ‘ಎಷ್ಟು ಕುಗ್ಗಿಸಬೇಕು’ ಎಂಬುದಷ್ಟೇ ಅಲ್ಲ. ‘ಯಾವ ತುಂಡನ್ನು ಆರಿಸಬೇಕು’ ಎಂಬುದೂ ಹೌದು.

ಹೊಸಬರು ಸಾಮಾನ್ಯವಾಗಿ ಬಯಸುವುದು ಸುತ್ತುವ ರೈಲನ್ನು. ಅಮೆರಿಕೆಯಲ್ಲಿ ನಾಲ್ಕಡಿ ಎಂಟಡಿಯ ಪ್ಲೈವುಡ್ ಹಲಗೆ ಅಂಗಡಿಯಲ್ಲಿ ಇಡಿಯಾಗಿ ದೊರೆಯುವುದರಿಂದ ಅದೇ ಅಲ್ಲಿನ ಆರಂಭಿಕರ ಅಳತೆಯಾಗಿ ಹೋಯಿತು. ಎಚ್.ಓ. ಗಾಡಿ 18 ಅಂಗುಲ ತ್ರಿಜ್ಯದಲ್ಲಿ ತಿರುಗುತ್ತದೆ. ನಾಲ್ಕಡಿ ಅಗಲದಲ್ಲಿ ಅದು ಹಿಡಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಲಗೆಯ ಮೂರು ಕಡೆ ಮನುಷ್ಯ ನಿಲ್ಲಲು ಎರಡೆರಡು ಅಡಿ ಬಿಟ್ಟರೆ ಎಂಟಡಿ ಹತ್ತಡಿ ಆಯಿತು. ನಮ್ಮ ಕೋಣೆಯಲ್ಲಿ ಉಳಿಯುವುದು ಚಪ್ಪಲಿ ಬಿಡುವ ಜಾಗ. ಮೇಲಾಗಿ ಸುತ್ತುವ ರೈಲು ಐದು ನಿಮಿಷದಲ್ಲಿ ಬೇಸರ ತರುತ್ತದೆ. ಹೋದದ್ದೇ ಬರುವುದು, ಬಂದದ್ದೇ ಹೋಗುವುದು. ಇದು ನನ್ನ ಅಭಿಪ್ರಾಯ; ಒಪ್ಪದವರು ಇರಬಹುದು.

ಜಪಾನಿನವರು ಸುತ್ತುವ ರೈಲನ್ನು ಬಿಡದೆಯೇ ಒಂದು ಉಪಾಯ ಕಂಡರು. ಅಲ್ಲಿ ಕ್ಯಾಟೊ ಎಂದು ಇಂದು ಹೆಸರಾದ ಕಂಪನಿ 1965ರಲ್ಲಿ ಸಿ-50 ಎಂಬ ಉಗಿ ಎಂಜಿನನ್ನು ಎನ್ ಗೇಜಿನಲ್ಲಿ ತಯಾರಿಸಿತು. ಚಿಕ್ಕ ಮನೆಗಳ ಆ ದೇಶದಲ್ಲಿ ಎನ್ ಗೇಜು ಬೇರೂರಿತು. ಜಲ್ಲಿಯ ಪಾತಿಯೊಡನೆಯೇ ಅಚ್ಚು ಹಾಕಿದ ಹಳಿಯ ತುಂಡುಗಳು ಅಲ್ಲಿ ದೊರೆಯುತ್ತವೆ. ಸಂಜೆ ಚಾಪೆಯ ಮೇಲೆ ಅವನ್ನು ಒಂದಕ್ಕೊಂದು ಸಿಕ್ಕಿಸಿ ರೈಲು ಓಡಿಸುವುದು, ಮಲಗುವ ಹೊತ್ತಿಗೆ ಬಿಚ್ಚಿ ಪೆಟ್ಟಿಗೆಗೆ ತುಂಬುವುದು. ಇದಕ್ಕೆ ಅವರ ಭಾಷೆಯಲ್ಲಿ ‘ಒಜಾಶಿಕಿ ಉಂತೆನ್’ ಎನ್ನುವರು. ‘ನಡುಮನೆಯ ಓಡಾಟ’ ಎಂದು ನಾವು ಕರೆಯಬಹುದು. ಇದಕ್ಕೂ ಜಾಗವಿಲ್ಲದವರಿಗೆ ಇನ್ನೊಂದು ಏರ್ಪಾಡುಂಟು. ಕೆಲವು ಅಂಗಡಿಗಳವರು ದೊಡ್ಡ ರೈಲುಸೀಮೆಯನ್ನು ತಾವೇ ಕಟ್ಟಿಟ್ಟಿರುತ್ತಾರೆ. ಗಿರಾಕಿ ತನ್ನ ಗಾಡಿಯನ್ನು ಚೀಲದಲ್ಲಿ ತಂದು, ಗಂಟೆಗೆ ಇಷ್ಟೆಂದು ಕೊಟ್ಟು, ಅದರ ಮೇಲೆ ಓಡಿಸಿಕೊಂಡು ಹೋಗುತ್ತಾನೆ. ಮನೆಯೂ ಬಾಡಿಗೆ, ರೈಲುದಾರಿಯೂ ಬಾಡಿಗೆ!

ಇಂಗ್ಲೆಂಡಿನವರು ಹಿಡಿದ ದಾರಿ ಬೇರೆ. ‘ರೈಲ್ವೆ ಮಾಡೆಲರ್’ ಎಂಬ ಮಾಸಪತ್ರಿಕೆಗೆ ಬಹುಕಾಲ ಸಂಪಾದಕರಾಗಿದ್ದ ಸಿರಿಲ್ ಫ್ರೀಜರ್ ಎಂಬವರು 1957ರಲ್ಲಿ ‘ಮೈನೊರೀಸ್’ ಎಂಬ ನಕ್ಷೆಯನ್ನು ಪ್ರಕಟಿಸಿದರು. ನಗರದ ಮಧ್ಯದ ಒಂದು ಚಿಕ್ಕ ಕೊನೆ ನಿಲ್ದಾಣ; ಗಾಡಿ ಅಲ್ಲಿಂದ ಹೊರಟು ಗೋಡೆಯ ಹಿಂದೆ ಮರೆಯಾಗುತ್ತದೆ. ಮರೆಯ ಹಿಂದೆ ಏನಿದೆ? ಒಂದು ಸಾದಾ ಹಲಗೆ, ನಾಲ್ಕಾರು ಹಳಿ. ಅಲ್ಲಿ ಗಾಡಿಗಳನ್ನು ಕೈಯಿಂದ ಎತ್ತಿ, ತಿರುಗಿಸಿ, ಮುಂದಿನ ಪ್ರವೇಶಕ್ಕೆ ಅಣಿಮಾಡುವರು. ಯಕ್ಷಗಾನ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ರೈಲಿನ ಚೌಕಿ. ರಂಗಸ್ಥಳದಲ್ಲಿ ಕಾಣುವ ಪಾತ್ರ ಸ್ವರ್ಗದಿಂದ ಬಂದನೋ ಪಾತಾಳದಿಂದ ಬಂದನೋ, ಬಂದದ್ದು ಚೌಕಿಯಿಂದಲೇ ತಾನೆ? ಹಾಗೆಯೇ ಉಳಿದ ದೇಶವೆಲ್ಲ ಆ ಹಲಗೆಯ ಹಿಂದೆ ಇದೆಯೆಂದು ಭಾವಿಸಿಕೊಳ್ಳುವುದು. ಫ್ರೀಜರ್ ಅವರ ನಿಲ್ದಾಣ ನಡುವೆ ಮಡಚಿ ಎತ್ತಿಡುವಂಥದು. ಅರವತ್ತು ವರ್ಷ ಕಳೆದ ಮೇಲೂ ಅದನ್ನು ಕಟ್ಟುವವರಿದ್ದಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ಅಲನ್ ರೈಟ್ ಎಂಬ ಇಂಗ್ಲಿಷಿನವರ ‘ಇಂಗಲ್‌ನೂಕ್ ಸೈಡಿಂಗ್ಸ್’. ಇದರಲ್ಲಿ ರೈಲು ಎಲ್ಲಿಗೂ ಹೋಗುವುದಿಲ್ಲ. ಮೂರು ಸೈಡಿಂಗುಗಳು, ಒಂದರಲ್ಲಿ ಐದು ವ್ಯಾಗನು ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಮೂರೂ ಕೂಡುವ ಮುಂಭಾಗದ ಹಳಿಯಲ್ಲಿ ಒಂದು ಎಂಜಿನೂ ಮೂರು ವ್ಯಾಗನುಗಳೂ ಮಾತ್ರ ಹಿಡಿಯುತ್ತವೆ. ಇರುವ ವ್ಯಾಗನುಗಳು ಎಂಟು. ಪ್ರತಿಯೊಂದೂ ಬೇರೆ ಬೇರೆಯಾಗಿ ಗುರುತಾಗಬೇಕು. ಎಂಟು ಚೀಟಿ ಕಲಸಿ ಐದನ್ನು ಎತ್ತಬೇಕು; ಚೀಟಿ ಬಂದ ಕ್ರಮದಲ್ಲಿಯೇ ಐದು ವ್ಯಾಗನುಗಳನ್ನು ಉದ್ದನೆಯ ಸೈಡಿಂಗಿನಲ್ಲಿ ಜೋಡಿಸಬೇಕು. ಕೈಯಿಂದ ಎತ್ತಿಡುವಂತಿಲ್ಲ, ಎಂಜಿನಿನಿಂದ ಎಳೆದು, ತಳ್ಳಿ, ಬಿಡಿಸಿ, ಕೂಡಿಸಿ ಮಾಡಬೇಕು. ಎಂಟರಿಂದ ಐದನ್ನು ಕ್ರಮವಾಗಿ ಆರಿಸುವ ಬಗೆಗಳು ಎಂಟು, ಏಳು, ಆರು, ಐದು, ನಾಲ್ಕು ಇವುಗಳ ಗುಣಾಕಾರ, ಅಂದರೆ 6,720. ದಿನಕ್ಕೊಂದು ಆಟ ಆಡಿದರೂ ಹದಿನೆಂಟು ವರ್ಷಕ್ಕೆ ಸಾಕು. ನಮ್ಮಂಥವರು ಅಷ್ಟರಲ್ಲಿ ಎಷ್ಟು ಮನೆ ಬದಲಿಸುವೆವೋ!

ಇದರ ಹಿಂದಿರುವುದು ಹಳೆಯ ಕಾಲದ ಗೂಡ್ಸ್ ಷೆಡ್ಡಿನ ಕೆಲಸ. ಇಂದು ನಮ್ಮ ರೈಲ್ವೆಯಲ್ಲಿ ಸರಕು ಬಹುಮಟ್ಟಿಗೆ ಇಡೀ ರೇಕಾಗಿಯೇ ಸಾಗುತ್ತದೆ. ಒಂದೊಂದು ವ್ಯಾಗನು ಬಿಡಿಸಿ ಕೂಡಿಸುವ ಶಂಟಿಂಗ್ ವಿರಳವಾಯಿತು. ನನ್ನ ತಂದೆ ಈ ಆಟವನ್ನು ಮೊದಲು ಕಂಡಾಗ, “ಇದು ಲಾರಿಗೆ ಮೂಟೆ ಹಾಕೋ ಲೆಕ್ಕ ಕಣವ್ವ. ಕೊನೆಗೆ ಇಳಿಸಬೇಕಾದ್ದು ಮೊದ್ಲು ಒಳಕ್ಕೆ ಹೋಗ್ಬೇಕು” ಎಂದರು. ನಾನು ಕಾಗದದ ಮೇಲೆ ಬರೆದುಕೊಂಡು ಬಿಡಿಸುತ್ತಿದ್ದುದನ್ನು ಅವರು ನಿಂತಲ್ಲಿಯೇ ಬಿಡಿಸುವರು.

ಇನ್ನು ನನ್ನ ಹಲಗೆಯ ವಿಚಾರ. ಪರದೇಶದ ಎಂಜಿನುಗಳ ಬೆಲೆ ನಮ್ಮ ಕೈಗೆ ಎಟುಕದು. ಆದ್ದರಿಂದ ನನ್ನದೆಲ್ಲ ರಟ್ಟಿನ ರೈಲು. ಓಡಿಸುವ ಶಕ್ತಿ ನನ್ನ ಬೆರಳು. ಇದರಿಂದ ಒಂದು ಲಾಭವೂ ಆಯಿತು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಮಿ.ಮೀ. ಪೇಟೆಯಲ್ಲಿ ಸಿಕ್ಕುವ ಎಚ್.ಓ. ಹಳಿಯಾದರೋ 16.5 ಮಿ.ಮೀ.; ಅದು 1,435 ಮಿ.ಮೀ. ಅಗಲದ ಪರದೇಶದ ಹಳಿಗೆ ಸರಿಯಾದದ್ದು. ಕೊಂಡ ಹಳಿಯ ಮೇಲೆ ಭಾರತದ ಗಾಡಿ ನಿಲ್ಲಿಸಿದರೆ ಅಗಲದ ದೇಹಕ್ಕೆ ಕಿರಿದಾದ ಕಾಲು. ಹಳಿಯನ್ನೂ ಕೈಯಲ್ಲೇ ಮಾಡುವವಳಿಗೆ ಆ ನಿರ್ಬಂಧವಿಲ್ಲ. ಬಿದಿರು ಸೀಳಿ ನಯಮಾಡಿದ ಕಡ್ಡಿ ನನ್ನ ಹಳಿ; ಬೆಂಕಿಕಡ್ಡಿಗಳು ಸ್ಲೀಪರು; ನಡುವೆ 19.3 ಮಿ.ಮೀ. ಇರಿಸಲು ರಟ್ಟಿನಲ್ಲಿ ಕತ್ತರಿಸಿದ ಒಂದು ಅಳತೆಪಟ್ಟಿ. ಬಡವರ ರೈಲಿನಲ್ಲಿ ಗೇಜು ಸರಿಯಾಗಿದೆ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬವೇ.

ವ್ಯಾಗನಿಗೆ ಆರಿಸಿಕೊಂಡದ್ದು ‘ಬಾಕ್ಸ್-ಎನ್’ ಎಂಬ ತೆರೆದ ಗೂಡ್ಸ್ ಡಬ್ಬಿ. ಮುಚ್ಚಳವಿಲ್ಲದ ಪೆಟ್ಟಿಗೆಯಾದ್ದರಿಂದ ಕಲಿಯುವವರಿಗೆ ಅನುಕೂಲ. ಕಪ್ಲಿಂಗಿನಿಂದ ಕಪ್ಲಿಂಗಿಗೆ ಅದರ ಉದ್ದ 10.713 ಮೀಟರು, ನಮ್ಮ ಪ್ರಮಾಣದಲ್ಲಿ 123 ಮಿ.ಮೀ. ಮದುವೆಯ ಕರೆಯೋಲೆಗಳ ದಪ್ಪ ಕಾಗದದಲ್ಲಿ ಎಂಟನ್ನು ಕಟ್ಟಿದ್ದೇನೆ. ಊದುಬತ್ತಿಯ ಕಡ್ಡಿ ಅಚ್ಚು. ಚಕ್ರಕ್ಕೆ ಒಂದು ಚಿಕ್ಕ ಬಿಲ್ಲೆ, ಅದರ ಒಳಮಗ್ಗುಲಿಗೆ ಸ್ವಲ್ಪ ದೊಡ್ಡದಾದ ಇನ್ನೊಂದು ಬಿಲ್ಲೆ ಅಂಟಿಸಿದರೆ ಆ ಅಂಚೇ ಗಾಡಿಯನ್ನು ಹಳಿಯ ಮೇಲೆ ಹಿಡಿದಿಡುತ್ತದೆ. ಕಪ್ಲಿಂಗಿಗೆ ಕ್ಯಾಲೆಂಡರಿನ ತಂತಿ: ಒಂದು ತುದಿಗೆ ಕೊಕ್ಕೆ, ಇನ್ನೊಂದಕ್ಕೆ ಉಂಗುರ. ಈ ಆಟದಲ್ಲಿ ವ್ಯಾಗನುಗಳ ಕ್ರಮ ಬದಲಾಗುವುದೇ ಹೊರತು ಮುಖ ಬದಲಾಗುವುದಿಲ್ಲ. ಆದ್ದರಿಂದ ಕೊಕ್ಕೆಗೆ ಎದುರಾಗಿ ಯಾವಾಗಲೂ ಉಂಗುರವೇ ಬರುತ್ತದೆ. ಎಂಜಿನು ‘ಡಬ್ಲ್ಯು.ಡಿ.ಎಂ.-2’, 1962ರಲ್ಲಿ ಅಮೆರಿಕೆಯ ಆಲ್ಕೊ ಕಂಪನಿಯಿಂದ ಮೊದಲು ಬಂದು, ಮುಂದೆ ವಾರಾಣಸಿಯಲ್ಲಿ ತಯಾರಾದ ಡೀಸೆಲ್. ಅದು 197 ಮಿ.ಮೀ.

ಈ ಅಂಕಿಗಳಿಂದಲೇ ಹಲಗೆಯ ಅಳತೆ ಹೊರಡುತ್ತದೆ. ಐದು ವ್ಯಾಗನಿಗೆ 615 ಮಿ.ಮೀ.; ಎಂಜಿನೂ ಮೂರು ವ್ಯಾಗನೂ ಸೇರಿ 566; ಹಳಿ ಕವಲಾಗುವ ಪಾಯಿಂಟಿಗೆ ಸುಮಾರು 200. ಒಟ್ಟು 1,381 ಮಿ.ಮೀ. ಐದಡಿಯ ಹಲಗೆ ಇದಕ್ಕೆ ಧಾರಾಳ. ಆದರೆ ಐದಡಿಯನ್ನು ಸಾಗಿಸಲು ಎರಡಾಗಿ ಕತ್ತರಿಸಿದರೆ ಸಂದು ನೇರವಾಗಿ ಪಾಯಿಂಟಿನ ಮೇಲೆ ಬೀಳುತ್ತದೆ. ಅಲುಗುವ ಭಾಗದ ಅಡಿಯಲ್ಲಿ ಸಂದು ಎಂದಿಗೂ ಇರಬಾರದು. ಆದ್ದರಿಂದ ಮೂರು ಮೂರು ಅಡಿಯ ಎರಡು ಹಲಗೆ ಮಾಡಿದೆ, ಅಗಲ ಒಂದಡಿ. ಸೈಡಿಂಗುಗಳೂ ಪಾಯಿಂಟುಗಳೂ ಒಂದರಲ್ಲಿ, ಮುಂಭಾಗದ ಹಳಿ ಇನ್ನೊಂದರಲ್ಲಿ. ಪಾಯಿಂಟು ಕೂಡ ಸರಳವಾದದ್ದು: ಒಂದು ಗುಂಡುಸೂಜಿಯ ಮೇಲೆ ಹೊರಳುವ ಹಳಿಯ ತುಂಡು, ಎಡಕ್ಕೆ ಸರಿಸಿದರೆ ಎಡದ ದಾರಿ, ಬಲಕ್ಕೆ ಸರಿಸಿದರೆ ಬಲದ ದಾರಿ.

ಹಲಗೆಯೆಂದು ಕರೆದರೂ ಅದು ಘನವಾದ ಮರವಲ್ಲ. ಭಾರ ಬಾಡಿಗೆದಾರನ ಶತ್ರು. ಸುತ್ತ ಮೂರಂಗುಲ ಎತ್ತರದ ತೆಳು ಪ್ಲೈವುಡ್ ಪಟ್ಟಿಯ ಚೌಕಟ್ಟು. ಮೇಲೆ ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಒಂದರ ಗೆರೆ ಉದ್ದಕ್ಕೆ, ಮುಂದಿನದರ ಗೆರೆ ಅಡ್ಡಕ್ಕೆ ಬರುವಂತೆ ಫೆವಿಕಾಲಿನಿಂದ ಅಂಟಿಸಿದ ನಾಲ್ಕು ಪದರ. ತುದಿಯ ತಟ್ಟೆಗಳು ಮಾತ್ರ ದಪ್ಪ ಪ್ಲೈವುಡ್ಡಿನವು, ಏಕೆಂದರೆ ಎರಡು ಹಲಗೆಗಳನ್ನು ಕೂಡಿಸುವ ಬೋಲ್ಟು ಅಲ್ಲಿ ಕೂರುತ್ತದೆ. ಎರಡು ತಟ್ಟೆಗಳನ್ನು ಒತ್ತಿ ಹಿಡಿದು ಒಟ್ಟಿಗೆ ತೂತು ಕೊರೆದರೆ ಮಾತ್ರ ಹಳಿಗೆ ಹಳಿ ಕೂಡುತ್ತದೆ. ಆಟ ಮುಗಿದ ಮೇಲೆ ಬೋಲ್ಟು ಬಿಚ್ಚಿ, ಒಂದರ ಮೇಲೊಂದನ್ನು ಮುಖಕ್ಕೆ ಮುಖ ಮಾಡಿ, ನಡುವೆ ಆರಂಗುಲ ಎತ್ತರದ ಎರಡು ಅಡ್ಡತಟ್ಟೆ ಬಿಗಿದರೆ ಮೂರಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆಯಾಗುತ್ತದೆ. ಬಟ್ಟೆ ಹೊದಿಸಿ ಬೀರುವಿನ ಮೇಲೆ ಏರಿಸಿದರೆ ಒಗ್ಗರಣೆಯ ಹೊಗೆಯೂ ಧೂಳೂ ಒಳಕ್ಕೆ ಹೋಗದು. ಗೋಡೆಗೆ ಒಂದು ಮೊಳೆಯೂ ಬಿದ್ದಿಲ್ಲ.

ಕೈ ಹಾಕಲು ತುದಿಯ ತಟ್ಟೆಗಳಲ್ಲಿ ಉದ್ದನೆಯ ಕಂಡಿ ಕೊರೆಯಬೇಕೆಂಬುದು ತಂದೆಯವರ ಸೂಚನೆ. “ಭಾರ ಯಾವತ್ತೂ ಬೆನ್ನು ಮುರಿಯಲ್ಲ ಕಣವ್ವ, ಹಿಡ್ಕೊಳ್ಳೋಕೆ ಜಾಗ ಇಲ್ದಿರೋದು ಮುರಿಯುತ್ತೆ” ಎಂದರು. ಮೂವತ್ತು ವರ್ಷ ಮೂಟೆ ಹೊತ್ತವರ ಮಾತು. ಇಂಗ್ಲಿಷಿನಲ್ಲಿ ನಾನು ಓದಿದ ಯಾವ ಸಲಹೆಯಲ್ಲಿಯೂ ಇಷ್ಟು ಸ್ಪಷ್ಟವಾಗಿ ಇದು ಸಿಕ್ಕಿರಲಿಲ್ಲ. ಮಂಡಿಯ ತಕ್ಕಡಿಯಲ್ಲಿ ಅವರೇ ತೂಗಿಸಿ ತಂದರು: ಎಲ್ಲ ಸೇರಿ ಐದೂವರೆ ಕಿಲೋ.

ಮನೆಯ ಯಜಮಾನರು ಒಂದು ತಿಂಗಳು ಬಾಡಿಗೆಗೆ ಬಂದಾಗ ಆಟ ನಡೆದಿತ್ತು. ಮೊದಲು ಗೋಡೆ ನೋಡಿದರು, ಆಮೇಲೆ ಹಲಗೆ ನೋಡಿದರು. “ಇದಕ್ಕೆ ಕರೆಂಟ್ ಎಷ್ಟು ಎಳೆಯುತ್ತಮ್ಮಾ?” ಎಂದು ಕೇಳಿದರು. ಬೆರಳಿನಿಂದ ತಳ್ಳುವುದೆಂದು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಅಮ್ಮನಿಗೆ ಮಾತ್ರ ಬೇರೆಯ ಚಿಂತೆ. “ಮದ್ವೆ ಆಗಿ ಹೋಗೋ ಮನೆಗೂ ಇದನ್ನ ಹೊತ್ಕೊಂಡು ಹೋಗ್ತೀಯೇನೇ?” ಎನ್ನುತ್ತಾಳೆ. ಬಾಗಿಲಲ್ಲಿ ಹಿಡಿಸುತ್ತದೆ ಎಂದಷ್ಟೇ ನಾನು ಉತ್ತರ ಕೊಟ್ಟಿದ್ದೇನೆ.

ಆದರೆ ಇಷ್ಟು ಚಿಕ್ಕದನ್ನು ಕಟ್ಟಿ ಏನು ಬಂತು, ದೊಡ್ಡದನ್ನು ಕಟ್ಟುವ ಆಸೆ ಇಲ್ಲವೆ ಎಂದು ಸಹಪಾಠಿಗಳು ಕೇಳುವರು. ಇಲ್ಲಿ ಅಮೆರಿಕೆಯ ಜಾನ್ ಅಲನ್ ಎಂಬವರ ಸಂಗತಿ ಹೇಳಬೇಕು. ಈ ಹವ್ಯಾಸದಲ್ಲಿ ಅವರಷ್ಟು ಹೆಸರಾದವರು ವಿರಳ. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ತಮ್ಮ ಮನೆಯ ನೆಲಮಾಳಿಗೆಯನ್ನು ತುಂಬುವಂತೆ ನೆಲದಿಂದ ಸೂರಿನವರೆಗೆ ಬೆಟ್ಟಗಳನ್ನು ಎಬ್ಬಿಸಿ ರೈಲುದಾರಿ ಕಟ್ಟಿದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ರೈಲುಸೀಮೆ ಹಾಳಾಯಿತು. ಮನೆಯೊಡನೆ ಒಂದಾಗಿ ಬೆಳೆದದ್ದು ಮನೆಯೊಡನೆಯೇ ಹೋಯಿತು. ಆದರೆ ನನ್ನ ಗಮನ ಸೆಳೆದದ್ದು ಆ ಬೃಹತ್ ರಚನೆಯ ಆರಂಭ. 1946ರ ಸುಮಾರಿಗೆ ಅವರು ಮೊದಲು ಕಟ್ಟಿದ್ದು ಏಳಡಿಗೂ ಕಡಿಮೆ ಉದ್ದದ ಒಂದು ಹಲಗೆ. ಮನೆ ಬದಲಿಸಿದಾಗ ಅದನ್ನು ಒಡೆಯಲಿಲ್ಲ. ಹೊತ್ತು ತಂದು ಹೊಸದರ ಒಳಗೆ ಸೇರಿಸಿಕೊಂಡರು. ಕೊನೆಯವರೆಗೂ ಆ ಮೊದಲ ಹಲಗೆ ದೊಡ್ಡ ಸೀಮೆಯ ಒಂದು ಮೂಲೆಯಾಗಿ ಇದ್ದಿತು.

ಒಬ್ಬರದೇ ಹಲಗೆಗಳು ಹೀಗೆ ಕೂಡುವಂತೆ ಹಲವರ ಹಲಗೆಗಳೂ ಕೂಡಬಹುದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಎನ್ ಗೇಜಿನ ಹವ್ಯಾಸಿಗಳು ‘ಎನ್‌ಟ್ರ್ಯಾಕ್’ ಎಂಬ ಕಟ್ಟಳೆ ಮಾಡಿದರು. ಎರಡಡಿ ನಾಲ್ಕಡಿಯ ಹಲಗೆ. ಮುಂಭಾಗದಲ್ಲಿ ಮೂರು ಹಳಿದಾರಿ, ಅಂಚಿನಿಂದ ಗೊತ್ತುಮಾಡಿದಷ್ಟು ದೂರದಲ್ಲಿ. ಅವುಗಳ ಹಿಂದೆ ಯಾರು ಏನು ಬೇಕಾದರೂ ಕಟ್ಟಲಿ. ಬೆಟ್ಟವೋ ಪೇಟೆಯೋ ಗದ್ದೆಯೋ. ತುದಿಯ ಅಳತೆ ಒಂದೇ ಆದ್ದರಿಂದ ಎಲ್ಲರೂ ಒಂದೆಡೆ ಸೇರಿದ ದಿನ ನೂರಾರು ಅಡಿಯ ರೈಲುದಾರಿ ಸಿದ್ಧ. ಸಂಜೆ ಪ್ರತಿಯೊಬ್ಬನೂ ತನ್ನ ತುಂಡನ್ನು ಕಾರಿನಲ್ಲಿಟ್ಟುಕೊಂಡು ಮನೆಗೆ ಹೋಗುವನು. ಜಪಾನಿನಲ್ಲಿ ಹುಟ್ಟಿದ ‘ಟಿ-ಟ್ರ್ಯಾಕ್’ ಇದಕ್ಕಿಂತಲೂ ಚಿಕ್ಕದು. ಅದರ ಒಂದು ತುಂಡು ಸುಮಾರು 308 ಮಿ.ಮೀ. ಉದ್ದ, ಅಂದರೆ ನಮ್ಮ ಅಡಿಪಟ್ಟಿಯಷ್ಟು. ತಿಂಡಿ ತಿನ್ನುವ ಮೇಜಿನ ಮೇಲೆ ಇಟ್ಟು ಜೋಡಿಸಬಹುದು.

ನನ್ನ ಮೊದಲನೆಯ ಹಲಗೆಯಲ್ಲಿ ಎಂಜಿನಿಗೂ ಮೂರು ವ್ಯಾಗನಿಗೂ ಬೇಕಾದದ್ದು ಹೋಗಿ ಒಂದಡಿಗೂ ಹೆಚ್ಚು ಹಳಿ ಉಳಿಯುತ್ತದೆ. ಆಟದ ನಿಯಮ ಕೆಡದಂತೆ ಅಲ್ಲಿ ಒಂದು ಅಡ್ಡಕಟ್ಟೆ ಇಟ್ಟಿದ್ದೇನೆ, ಅದನ್ನು ಅಂಟಿಸಿಲ್ಲ. ಅದನ್ನು ಎತ್ತಿದರೆ ಹಳಿ ತುದಿಯ ತಟ್ಟೆಯವರೆಗೂ ಹೋಗುತ್ತದೆ, ಬೋಲ್ಟಿನ ತೂತುಗಳೂ ಅಲ್ಲಿ ಕೊರೆದಿವೆ. ಬರುವ ಜೂನ್ ತಿಂಗಳಲ್ಲಿ ನಾವು ಈ ಮನೆಯನ್ನು ಬಿಡಬೇಕಾಗಿದೆ. ಯಜಮಾನರ ಮಗನ ಸಂಸಾರಕ್ಕೆ ಬೇಕಂತೆ. ಹೊಸ ಮನೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗುವುದರೊಳಗೆ ಹಾಸ್ಟೆಲಿನ ನನ್ನ ಗೆಳತಿಯೊಬ್ಬಳು ತನ್ನ ಮಂಚದ ಕೆಳಗೆ ಹಿಡಿಯುವಂಥ ಒಂದು ಹಲಗೆ ಕಟ್ಟುತ್ತಿದ್ದಾಳೆ. ಅವಳದು ಮಲೆನಾಡಿನ ಒಂದು ಸೇತುವೆ.

ಇನ್ನು ಯಾರಾದರೂ ಕಟ್ಟುವುದಾದರೆ ಅಳತೆಗಳನ್ನು ಇಲ್ಲಿಯೇ ಕೊಟ್ಟಿರುತ್ತೇನೆ. ಹಲಗೆಯ ಉದ್ದ ಎಷ್ಟಾದರೂ ಆಗಲಿ, ಮೂರಡಿ ಮೀರದಿರಲಿ. ಅಗಲ ಒಂದಡಿ. ಹಳಿಯ ನಡುಗೆರೆ ಮುಂದಿನ ಅಂಚಿನಿಂದ ನಾಲ್ಕು ಅಂಗುಲ. ಚೌಕಟ್ಟಿನ ಎತ್ತರ ಮೂರು ಅಂಗುಲ. ಬೋಲ್ಟಿನ ತೂತುಗಳು ಎರಡು. ಎರಡೂ ತುದಿಯ ತಟ್ಟೆಯ ಕೆಳಗಿನ ಅಂಚಿನಿಂದ ಒಂದೂವರೆ ಅಂಗುಲ ಮೇಲೆ, ಮುಂದಿನ ಅಂಚಿನಿಂದ ಒಂದು ಎರಡು ಅಂಗುಲಕ್ಕೆ, ಇನ್ನೊಂದು ಹತ್ತು ಅಂಗುಲಕ್ಕೆ. ಹಳಿಗಳ ನಡುವೆ 19.3 ಮಿ.ಮೀ.; ಅಳತೆಪಟ್ಟಿ ಬೇಕಾದವರಿಗೆ ಕತ್ತರಿಸಿ ಕೊಡುತ್ತೇನೆ.